ಸ್ವಾಯತ್ತ ನರಮಂಡಲ: ಎದ್ದು ನಿಂತಾಗ ಕಣ್ಣು ಕತ್ತಲಾಗುವುದೇಕೆ?

ಸ್ವಾಯತ್ತ ಎಂದರೆ ತನ್ನ ಹಿಡಿತದಲ್ಲೇ ಇರುವುದು. ಸ್ವಾಯತ್ತ ಕಾಲೇಜು ಎನ್ನುವಾಗ ಬಳಸುವುದೂ ಇದೇ ಪದ. ಅಂಥ ಕಾಲೇಜು ಪಠ್ಯ, ಪರೀಕ್ಷೆಗಳನ್ನು ತಾನೇ ನಡೆಸಿಕೊಂಡರೂ ಪದವಿ ಕೊಡುವುದು ವಿಶ್ವವಿದ್ಯಾಲಯ. ಈ ನರಮಂಡಲದ ಸ್ಥಿತಿಯೂ ಹೆಚ್ಚುಕಡಿಮೆ ಹಾಗೆಯೇ. ಹೃದಯ, ಕರುಳು, ರಕ್ತನಾಳ, ಬೆವರುಗ್ರಂಥಿ, ಕಣ್ಣಿನ ಪಾಪೆ ಇವನ್ನೆಲ್ಲ ನಮ್ಮ ಅಪ್ಪಣೆಗೆ ಕಾಯದೆ ನಡೆಸುತ್ತದೆ, ಆದರೆ ಮಿದುಳಿನ ಹಿಡಿತ ತಪ್ಪಿಸಿಕೊಂಡದ್ದಲ್ಲ. ಮಿದುಳಿನ ಭಾಗಗಳಾದ ಹೈಪೊಥಲಮಸ್ ಮತ್ತು ಮೆಡುಲ್ಲಾ ಅದರ ಮೇಲೆ ಹಗಲಿರುಳು ಕಣ್ಣಿಟ್ಟಿರುತ್ತವೆ. ಇದಕ್ಕೆ 1898ರಲ್ಲಿ ಆಟೋನೋಮಿಕ್ ಎಂದು ಹೆಸರಿಟ್ಟವರು ಕೇಂಬ್ರಿಡ್ಜ್‌ನ ಶರೀರಕ್ರಿಯಾ ವಿಜ್ಞಾನಿ ಜಾನ್ ನ್ಯೂಪೋರ್ಟ್ ಲ್ಯಾಂಗ್ಲಿ.

ಇದರ ಎರಡು ಮುಖ್ಯ ಶಾಖೆಗಳಲ್ಲಿ ಸಿಂಪಥೆಟಿಕ್ ನರಗಳು ಬೆನ್ನುಹುರಿಯ ಎದೆಭಾಗ ಮತ್ತು ಸೊಂಟದ ಮೇಲ್ಭಾಗದಿಂದ ಹೊರಡುತ್ತವೆ. ಪ್ಯಾರಾಸಿಂಪಥೆಟಿಕ್ ನರಗಳು ಹೊರಡುವುದು ಮಿದುಳುಕಾಂಡದಿಂದ ಮತ್ತು ಬೆನ್ನುಹುರಿಯ ತುದಿಭಾಗದಿಂದ. ಇದರ ದೊಡ್ಡ ನರವೇ ವೇಗಸ್. ಮೊದಲನೆಯದು ಅಪಾಯಕ್ಕೆ, ಎರಡನೆಯದು ವಿಶ್ರಾಂತಿಗೆ ಎಂದು ಶಾಲೆಯಲ್ಲಿ ಕಲಿಯುತ್ತೇವೆ. ಅದು ಅರ್ಧ ಸತ್ಯ. ಎರಡೂ ಸದಾ ಕೆಲಸದಲ್ಲಿರುತ್ತವೆ, ಬದಲಾಗುವುದು ಯಾವುದರ ಕೈ ಮೇಲು ಎಂಬುದಷ್ಟೇ. ನರಗಳ ಸಂಪರ್ಕವೇ ಇಲ್ಲದಿದ್ದರೆ ಹೃದಯ ತನ್ನಷ್ಟಕ್ಕೆ ನಿಮಿಷಕ್ಕೆ ಸುಮಾರು 100 ಬಾರಿ ಬಡಿಯುತ್ತದೆ. ಸುಮ್ಮನೆ ಕೂತವರ ನಾಡಿ 70ರ ಆಸುಪಾಸಿನಲ್ಲಿರುವುದು ವೇಗಸ್ ಬ್ರೇಕ್ ಒತ್ತಿ ಹಿಡಿದಿರುವುದರಿಂದ. ಹೃದಯ ಕಸಿ ಮಾಡಿಸಿಕೊಂಡವರಲ್ಲಿ ಆ ನರ ಕಡಿದುಹೋಗಿರುತ್ತದೆ. ಅವರ ನಾಡಿ ವಿಶ್ರಾಂತಿಯಲ್ಲೂ 90ರ ಮೇಲಿರುವುದು ಸಾಮಾನ್ಯ.

ಇಡೀ ವ್ಯವಸ್ಥೆಯ ಕೆಲಸ ನೋಡಬೇಕಾದರೆ ಮಲಗಿದವರು ಎದ್ದು ನಿಲ್ಲುವುದನ್ನು ಗಮನಿಸಬೇಕು. ನಿಂತೊಡನೆ ಅರ್ಧ ಲೀಟರಿಗೂ ಹೆಚ್ಚು ರಕ್ತ ಹೊಟ್ಟೆ ಮತ್ತು ಕಾಲುಗಳ ಸಿರೆಗಳಿಗೆ ಇಳಿಯುತ್ತದೆ. ಹೃದಯಕ್ಕೆ ಮರಳುವ ರಕ್ತ ಕಡಿಮೆಯಾಗಿ ಒತ್ತಡ ಕುಸಿಯತೊಡಗುತ್ತದೆ. ಕತ್ತಿನ ಕೆರೋಟಿಡ್ ಧಮನಿ ಕವಲೊಡೆಯುವಲ್ಲಿ ಮತ್ತು ಮಹಾಧಮನಿಯ ಕಮಾನಿನಲ್ಲಿ ಗೋಡೆಯ ಹಿಗ್ಗುವಿಕೆಯನ್ನು ಅಳೆಯುವ ನರತುದಿಗಳಿವೆ. ಗೋಡೆ ಸಡಿಲವಾದ ಸುದ್ದಿ ಮೆಡುಲ್ಲಾ ಮುಟ್ಟುತ್ತದೆ. ವೇಗಸ್ ಒಂದೆರಡು ಬಡಿತದೊಳಗೆ ಬ್ರೇಕ್ ಬಿಡುತ್ತದೆ, ನಾಡಿ ಏರುತ್ತದೆ. ಸಿಂಪಥೆಟಿಕ್ ನರಗಳು ರಕ್ತನಾಳಗಳನ್ನು ಬಿಗಿಯಲು ಇನ್ನೂ ಕೆಲವು ಸೆಕೆಂಡು ಬೇಕು. ಆರೋಗ್ಯವಂತ ಹುಡುಗರಿಗೂ ದಿಢೀರನೆ ಎದ್ದಾಗ ಕ್ಷಣಹೊತ್ತು ಕಣ್ಣು ಕತ್ತಲಾಗುವುದು ಈ ಅಂತರದಲ್ಲೇ.

ಕತ್ತಲೆ ಹಾಗೇ ಉಳಿದರೆ, ದಿನವೂ ಮರುಕಳಿಸಿದರೆ, ಅದನ್ನು ನಿಶ್ಶಕ್ತಿ ಎಂದು ಟಾನಿಕ್ ಕುಡಿದು ತಳ್ಳಿಹಾಕಬಾರದು. ಅಳೆಯಬೇಕು. 5 ನಿಮಿಷ ಮಲಗಿಸಿ ಬಿಪಿ, ನಾಡಿ ಎರಡನ್ನೂ ಬರೆದುಕೊಳ್ಳಿ. ನಿಲ್ಲಿಸಿ 1ನೇ ಮತ್ತು 3ನೇ ನಿಮಿಷಕ್ಕೆ ಮತ್ತೆ ನೋಡಿ, ತೋಳು ಹೃದಯದ ಮಟ್ಟದಲ್ಲಿರಲಿ. ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ ದೋಷವಿದೆ ಎಂದರ್ಥ. ಕುರ್ಚಿಯಲ್ಲಿ ಕೂರಿಸಿ ಒಂದೇ ಸಲ ನೋಡುವ ಬಿಪಿಯಲ್ಲಿ ಇದು ಸಿಕ್ಕುವುದೇ ಇಲ್ಲ, ಎಷ್ಟೋ ಹಿರಿಯರ ತೊಂದರೆ ಹೀಗೇ ಕೈತಪ್ಪಿಹೋಗುತ್ತದೆ.

ಕಾರಣದ ಸುಳಿವು ಕೊಡುವುದು ನಾಡಿ. ಬಿಪಿ ಇಳಿದಾಗ ನಾಡಿ ಚೆನ್ನಾಗಿ ಏರಿದ್ದರೆ ನರಗಳು ಕೆಲಸ ಮಾಡುತ್ತಿವೆ, ಕೊರತೆ ಇರುವುದು ದ್ರವದಲ್ಲಿ: ವಾಂತಿಭೇದಿ, ರಕ್ತಸ್ರಾವ, ನೀರು ಕುಡಿಯದಿರುವುದು. ಬಿಪಿ ಇಳಿದರೂ ನಾಡಿ 15ರಷ್ಟೂ ಏರದಿದ್ದರೆ ನರಗಳ ಮೇಲೆ ಅನುಮಾನ. ಹಳೆಯ ಶುಗರ್ ಕಾಯಿಲೆ ಮತ್ತು ಪಾರ್ಕಿನ್ಸನ್ ಕಾಯಿಲೆಯಲ್ಲಿ ಹೀಗಾಗುತ್ತದೆ. ಬಿಪಿ, ಹೃದಯದ ತೊಂದರೆಗೆ ಕೊಡುವ ಬೀಟಾ ಬ್ಲಾಕರ್ ಮಾತ್ರೆಯೂ ನಾಡಿ ಏರಲು ಬಿಡುವುದಿಲ್ಲ, ಹಾಗಾಗಿ ಮಾತ್ರೆಯ ಚೀಟಿ ನೋಡದೆ ತೀರ್ಮಾನಿಸುವಂತಿಲ್ಲ. ಪ್ರಾಸ್ಟೇಟ್ ತೊಂದರೆಗೆ ಕೊಡುವ ಟ್ಯಾಮ್ಸುಲೋಸಿನ್ ಮಾತ್ರೆ ಕೆಲವರಲ್ಲಿ ರಕ್ತನಾಳಗಳನ್ನೂ ಸಡಿಲಿಸುತ್ತದೆ. ರಾತ್ರಿ ಮಾತ್ರೆ ನುಂಗಿ, ನಡುರಾತ್ರಿ ಮೂತ್ರಕ್ಕೆಂದು ಎದ್ದ ಅಜ್ಜ ಬಚ್ಚಲಲ್ಲಿ ಬೀಳುವುದರ ಹಿಂದೆ ಇದೂ ಇರಬಹುದು. ಮಾತ್ರೆಯನ್ನು ತಾವಾಗಿ ನಿಲ್ಲಿಸದೆ, ಬರೆದಿಟ್ಟ ಅಂಕಿಗಳನ್ನು ವೈದ್ಯರಿಗೆ ತೋರಿಸಿ.

ಏಳುವಾಗ ಮೊದಲು ಹಾಸಿಗೆಯ ಅಂಚಿನಲ್ಲಿ ಒಂದೆರಡು ನಿಮಿಷ ಕೂತು ಪಾದಗಳನ್ನು ಮೇಲೆ ಕೆಳಗೆ ಆಡಿಸಬೇಕು. ರಾತ್ರಿ ಮೂತ್ರವನ್ನು ಗಂಡಸರೂ ಕೂತೇ ಮಾಡುವುದು ಲೇಸು. ನಿಂತಲ್ಲೇ ತಲೆ ಹಗುರಾದರೆ ಕಾಲಿಗೆ ಕಾಲು ಹೆಣೆದು ತೊಡೆ, ಪೃಷ್ಠ ಬಿಗಿಹಿಡಿದರೆ ಸಿರೆಗಳಲ್ಲಿ ನಿಂತ ರಕ್ತ ಮೇಲೇರುತ್ತದೆ. ಏಳುವುದಕ್ಕೆ ಮೊದಲು ಸುಮಾರು 500 ಮಿಲಿಲೀಟರ್ ನೀರನ್ನು ಬೇಗ ಕುಡಿದರೂ ಹಲವರಿಗೆ ಒತ್ತಡ ಏರುತ್ತದೆ; ಹೃದಯ, ಮೂತ್ರಪಿಂಡದ ತೊಂದರೆಗೆ ನೀರಿನ ಮಿತಿ ಹಾಕಿಸಿಕೊಂಡವರು ಮಾತ್ರ ಹೀಗೆ ಮಾಡಬಾರದು.

ಯಾರಾದರೂ ತಲೆ ತಿರುಗಿ ಬಿದ್ದರೆ ಸುತ್ತ ನಿಂತವರು ಮೊದಲು ಮಾಡುವುದು ಕಂಕುಳಿಗೆ ಕೈ ಹಾಕಿ ಎತ್ತಿ ಕುರ್ಚಿಯಲ್ಲಿ ಕೂರಿಸುವುದು. ಆಗ ಮಿದುಳಿಗೆ ಮರಳುತ್ತಿದ್ದ ರಕ್ತ ಮತ್ತೆ ಕಾಲಿಗಿಳಿಯುತ್ತದೆ. ಉಸಿರಾಟ ನೋಡಿ, ಚಪ್ಪಟೆಯಾಗಿ ಮಲಗಿಸಿ, ಕಾಲುಗಳನ್ನು ಎತ್ತರಕ್ಕೆ ಹಿಡಿಯಿರಿ. ಒಂದು ನಿಮಿಷದೊಳಗೆ ಎಚ್ಚರವಾಗದಿದ್ದರೆ 108ಕ್ಕೆ ಕರೆ ಮಾಡಿ.