ಪಲ್ಸ್ ಆಕ್ಸಿಮೀಟರ್‌ಗೆ ಬಣ್ಣ ಕಾಣುತ್ತದೆ

ವೈದ್ಯ ಪಕ್ಷಪಾತಿಯಾಗಿರಬಹುದು, ಆಸ್ಪತ್ರೆಯ ಸಿಬ್ಬಂದಿ ಮುಖ ನೋಡಿ ಮಣೆ ಹಾಕಬಹುದು, ಆದರೆ ಯಂತ್ರಕ್ಕೆ ಅಂಥ ರೋಗವಿಲ್ಲ ಎಂಬ ನಂಬಿಕೆ ವಿದ್ಯಾವಂತರಲ್ಲೇ ಹೆಚ್ಚು. ಮೂಢನಂಬಿಕೆಯನ್ನು ಗೇಲಿ ಮಾಡುವವರೂ ಪರದೆಯ ಮೇಲೆ ಮೂಡಿದ ಅಂಕಿಗೆ ಕೈಮುಗಿಯುತ್ತಾರೆ. ಅಂಚಿಗೆ ತಳ್ಳಲ್ಪಟ್ಟವರ ಆರೋಗ್ಯದ ಹಕ್ಕಿನ ಮಾತು ಬಂದಾಗ ಆಸ್ಪತ್ರೆಯ ಬಾಗಿಲು, ಔಷಧದ ಬೆಲೆ ಚರ್ಚೆಗೆ ಬರುತ್ತವೆ. ಒಳಗೆ ಹೋದವರ ಬೆರಳಿಗೆ ಸಿಕ್ಕಿಸುವ ಕ್ಲಿಪ್ ಯಾರ ಮೈಗೆ ಹೊಂದುವಂತೆ ತಯಾರಾಗಿದೆ ಎಂದು ಕೇಳುವವರು ವಿರಳ.

ಆ ಕ್ಲಿಪ್, ಅಂದರೆ ರಕ್ತದಲ್ಲಿ ಆಮ್ಲಜನಕ ಎಷ್ಟು ಪ್ರತಿಶತವಿದೆ ಎಂದು ತೋರಿಸುವ ಪಲ್ಸ್ ಆಕ್ಸಿಮೀಟರ್, ನಿಜಕ್ಕೂ ಚೆಂದದ ಉಪಾಯ. ಅದರೊಳಗೆ ಎರಡು ಪುಟ್ಟ ದೀಪಗಳಿವೆ: ಸುಮಾರು 660 ನ್ಯಾನೋಮೀಟರ್ ತರಂಗಾಂತರದ ಕೆಂಪು, ಸುಮಾರು 940ರ ಅವಕೆಂಪು. ಆಮ್ಲಜನಕ ಹೊತ್ತ ಹೀಮೋಗ್ಲೋಬಿನ್ ಅವಕೆಂಪನ್ನು ಹೆಚ್ಚು ಹೀರಿ ಕೆಂಪನ್ನು ಹಾಯಲು ಬಿಡುತ್ತದೆ. ಆಮ್ಲಜನಕವಿಲ್ಲದ್ದು ಇದಕ್ಕೆ ತದ್ವಿರುದ್ಧ. ಆದರೆ ಚರ್ಮ, ಮೂಳೆ, ಉಗುರು, ಅಭಿಧಮನಿಯ ರಕ್ತ ಎಲ್ಲವೂ ಬೆಳಕು ಹೀರುವಾಗ ಅಪಧಮನಿಯ ರಕ್ತದ ಪಾಲನ್ನಷ್ಟೇ ಬೇರ್ಪಡಿಸುವುದು ಹೇಗೆ? 1970ರ ದಶಕದ ಆರಂಭದಲ್ಲಿ ಜಪಾನಿನ ಇಂಜಿನಿಯರ್ ಟಕುವೊ ಅವೊಯಾಗಿ ಬೇರೊಂದೇ ಕೆಲಸದಲ್ಲಿದ್ದರು: ಕಿವಿಯ ಮೂಲಕ ಬೆಳಕು ಹಾಯಿಸಿ, ಹೃದಯ ಪಂಪ್ ಮಾಡುವ ರಕ್ತದ ಪ್ರಮಾಣವನ್ನು ಅಳೆಯುವುದು. ನಾಡಿಮಿಡಿತದ ಏರಿಳಿತ ಅವರ ಅಳತೆಯನ್ನು ಕೆಡಿಸುತ್ತಿತ್ತು. ಅದನ್ನು ತೊಡೆದುಹಾಕಲು ಹೆಣಗುತ್ತಿದ್ದವರಿಗೆ ಆ ಕಾಟವೇ ಉತ್ತರವೆಂದು ಹೊಳೆಯಿತು. ಮಿಡಿತದ ಜೊತೆ ಏರಿಳಿಯುವುದು ಅಪಧಮನಿಯ ರಕ್ತ, ಉಳಿದುದೆಲ್ಲ ಸ್ಥಿರ. ಎರಡೂ ಬಣ್ಣಗಳಲ್ಲಿ ಏರಿಳಿತವನ್ನು ಸ್ಥಿರಭಾಗದಿಂದ ಭಾಗಿಸಿ, ಬಂದ ಎರಡು ಸಂಖ್ಯೆಗಳ ಅನುಪಾತ ತೆಗೆದರೆ ಚರ್ಮವೂ ಮೂಳೆಯೂ ಲೆಕ್ಕದಿಂದ ಕಳಚಿಕೊಳ್ಳುತ್ತವೆ.

ಸಿದ್ಧಾಂತ ಹಾಗೆನ್ನುತ್ತದೆ, ಚರ್ಮ ಒಪ್ಪುವುದಿಲ್ಲ. ಅಂಗಾಂಶದೊಳಗೆ ಬೆಳಕು ನೇರವಾಗಿ ಹೋಗದೆ ಚದುರುತ್ತದೆ. ಕೆಂಪು ಸಾಗುವ ದೂರ, ಅವಕೆಂಪು ಸಾಗುವ ದೂರ ಎರಡೂ ಒಂದೇ ಅಲ್ಲ. ದೀಪ ಸೂಸುವುದೂ ಒಂದೇ ತರಂಗಾಂತರವನ್ನಲ್ಲ, ಕಿರಿದಾದ ಒಂದು ಪಟ್ಟಿಯನ್ನು. ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಅವಕೆಂಪಿಗಿಂತ ಕೆಂಪನ್ನು ಹೆಚ್ಚು ಹೀರುವುದರಿಂದ ಆ ಪಟ್ಟಿಯ ಸಮತೋಲವೇ ಸರಿಯುತ್ತದೆ, ಸಂಕೇತವೂ ಕ್ಷೀಣಿಸುತ್ತದೆ. ಹಾಗಾಗಿ ಅನುಪಾತದಿಂದ ಪ್ರತಿಶತಕ್ಕೆ ಹೋಗಲು ಬರೀ ಸೂತ್ರ ಸಾಲದು, ಕೋಷ್ಟಕ ಬೇಕು. ಆರೋಗ್ಯವಂತ ಸ್ವಯಂಸೇವಕರಿಗೆ ಆಮ್ಲಜನಕ ಕಡಿಮೆಯಿರುವ ಗಾಳಿಯನ್ನು ಉಸಿರಾಡಿಸಿ, ಅವರ ಅಪಧಮನಿಯ ರಕ್ತವನ್ನು ಪರೀಕ್ಷಿಸಿ, ಇಂಥ ಅನುಪಾತಕ್ಕೆ ಇಷ್ಟು ಪ್ರತಿಶತ ಎಂದು ಬರೆದಿಟ್ಟ ಕೋಷ್ಟಕ ಅದು. ಆ ಸ್ವಯಂಸೇವಕರಲ್ಲಿ ಬಹುತೇಕರು ತಿಳಿಬಣ್ಣದವರು. ಒಬ್ಬನ ಅಳತೆಗೆ ಹೊಲಿದ ಅಂಗಿಯನ್ನು ಊರಿಗೆಲ್ಲ ತೊಡಿಸಿದಂತಾಯಿತು.

ತಪ್ಪು ಯಾವ ಕಡೆಗೆ ವಾಲುತ್ತದೆ ಎಂಬುದೇ ಇಲ್ಲಿ ಘೋರ. ಕಪ್ಪು ಚರ್ಮದವರಲ್ಲಿ ಯಂತ್ರ ಇರುವುದಕ್ಕಿಂತ ಹೆಚ್ಚು ಆಮ್ಲಜನಕ ತೋರಿಸುತ್ತದೆ, ಅಂದರೆ ಮುಳುಗುತ್ತಿರುವವರನ್ನು ಕ್ಷೇಮವೆಂದು ಘೋಷಿಸುತ್ತದೆ. 2020ರ ಡಿಸೆಂಬರ್‌ನಲ್ಲಿ ಅಮೆರಿಕದ ಮಿಷಿಗನ್‌ನ ವೈದ್ಯರು ಪ್ರಕಟಿಸಿದ ಅಧ್ಯಯನದಲ್ಲಿ, ಆಕ್ಸಿಮೀಟರ್ 92ರಿಂದ 96 ಪ್ರತಿಶತ ತೋರಿಸುತ್ತಿದ್ದಾಗ ರಕ್ತದಲ್ಲಿ ನಿಜವಾಗಿ 88ಕ್ಕಿಂತ ಕಡಿಮೆಯಿದ್ದದ್ದು ಬಿಳಿಯರ ಮಾಪನಗಳಲ್ಲಿ 3.6 ಪ್ರತಿಶತ, ಕಪ್ಪು ಜನರಲ್ಲಿ 11.7 ಪ್ರತಿಶತ. ಕೋವಿಡ್ ದಿನಗಳಲ್ಲಿ ಯಾರಿಗೆ ಆಮ್ಲಜನಕ, ಯಾರಿಗೆ ಹಾಸಿಗೆ ಎಂದು ಈ ಅಂಕಿಯೇ ತೀರ್ಮಾನಿಸುತ್ತಿತ್ತು. ಇದೇನು ಹೊಸ ಆವಿಷ್ಕಾರವೇ? ಕಪ್ಪು ರೋಗಿಗಳಲ್ಲಿ ಯಂತ್ರ ಎಡವುತ್ತದೆಂದು 1990ರಲ್ಲೇ ಸಂಶೋಧಕರು ಬರೆದಿದ್ದರು. ಮೂವತ್ತು ವರ್ಷ ಯಾರಿಗೂ ಅವಸರವಾಗಲಿಲ್ಲ. ಎಡವುವುದು ಬಿಳಿ ಚರ್ಮದ ಮೇಲಾಗಿದ್ದರೆ ಇಷ್ಟು ತಾಳ್ಮೆ ಇರುತ್ತಿತ್ತೇ?

ಇದು ಕಡೆಗಣನೆಯ ಫಲ. ಇನ್ನೊಂದು ಉಪಕರಣದಲ್ಲಿ ತಾರತಮ್ಯವನ್ನು ಕೈಯಾರೆ ಸೇರಿಸಲಾಯಿತು. ಶ್ವಾಸಕೋಶದ ಸಾಮರ್ಥ್ಯ ಅಳೆಯುವ ಸ್ಪೈರೋಮೀಟರ್ ಅನ್ನು ಜನಪ್ರಿಯಗೊಳಿಸಿದವರು 1840ರ ದಶಕದ ಲಂಡನ್ನಿನ ವೈದ್ಯ ಜಾನ್ ಹಚಿನ್ಸನ್. ಅದು ಅಮೆರಿಕದ ದಕ್ಷಿಣದ ವೈದ್ಯ ಸ್ಯಾಮ್ಯುಯೆಲ್ ಕಾರ್ಟ್‌ರೈಟ್ ಕೈಗೆ ಬಂತು. ಗುಲಾಮರು ಓಡಿಹೋಗುವುದು ಒಂದು ಮಾನಸಿಕ ಕಾಯಿಲೆ ಎಂದು 1851ರಲ್ಲಿ ಹೆಸರಿಟ್ಟು ಸಾರಿದ ಮಹಾಶಯ ಈತ! ಕಪ್ಪು ಜನರ ಶ್ವಾಸಕೋಶ ಹುಟ್ಟಿನಿಂದಲೇ ದುರ್ಬಲ, ದುಡಿಮೆಯೇ ಅವರಿಗೆ ಔಷಧ ಎಂದು ಈತ ವಾದಿಸಿದ. ಗುಲಾಮಗಿರಿ ಕೊನೆಗೊಂಡಿತು, ಅಂಕಿ ಉಳಿಯಿತು. ಇಪ್ಪತ್ತನೆಯ ಶತಮಾನದ ಸ್ಪೈರೋಮೀಟರ್‌ಗಳಲ್ಲಿ ಜನಾಂಗ ಆಯ್ಕೆ ಮಾಡಿದರೆ ಸಾಕು, ಕಪ್ಪು ವ್ಯಕ್ತಿಯ 'ಸಹಜ' ಮಟ್ಟ 10ರಿಂದ 15 ಪ್ರತಿಶತ ತಗ್ಗುತ್ತಿತ್ತು. ಧೂಳು, ಹೊಗೆ, ಬಡತನ ಹಾಳುಮಾಡಿದ ಶ್ವಾಸಕೋಶವನ್ನು ಯಂತ್ರ ಸಹಜವೆಂದು ಒಪ್ಪಿಬಿಡುತ್ತಿತ್ತು. ರೋಗಿಯೆಂದು, ಪರಿಹಾರಕ್ಕೆ ಅರ್ಹನೆಂದು ಎನಿಸಿಕೊಳ್ಳಲು ಕಪ್ಪು ಕಾರ್ಮಿಕ ಇನ್ನಷ್ಟು ಉಸಿರುಗಟ್ಟಬೇಕಿತ್ತು. ಜನಾಂಗವನ್ನು ಲೆಕ್ಕದಿಂದ ಕೈಬಿಡುವಂತೆ ಅಮೆರಿಕದ ಶ್ವಾಸಕೋಶ ತಜ್ಞರ ಸಂಘ ಹೇಳಿದ್ದು 2023ರಲ್ಲಿ. ಮೂತ್ರಪಿಂಡದ ಕಾರ್ಯವನ್ನು ಅಂದಾಜಿಸುವ ಸೂತ್ರದಲ್ಲೂ ಇಂಥದೇ ಗುಣಕವಿತ್ತು, ಕಪ್ಪು ರೋಗಿಯ ಮೂತ್ರಪಿಂಡವನ್ನು ಇರುವುದಕ್ಕಿಂತ ಚೆನ್ನಾಗಿದೆಯೆಂದು ತೋರಿಸಿ ಕಸಿಯ ಪಟ್ಟಿ ಸೇರುವುದನ್ನು ತಡಮಾಡುತ್ತಿತ್ತು. 2021ರಲ್ಲಿ ಅದನ್ನು ತೆಗೆದರು. ಮುಂದೆ, ಕಸಿಗಾಗಿ ಕಾದಿದ್ದ ಕಪ್ಪು ರೋಗಿಗಳಿಗೆ ಆ ಗುಣಕ ಕಸಿದಿದ್ದ ಕಾಯುವಿಕೆಯ ಅವಧಿಯನ್ನು ಪಟ್ಟಿಯಲ್ಲಿ ಮರಳಿ ಸೇರಿಸಲಾಯಿತು.

ಆರೋಗ್ಯದ ಹಕ್ಕಿಗೂ ತರಂಗಾಂತರಕ್ಕೂ ಏನು ಸಂಬಂಧ ಎನ್ನುವವರಿದ್ದಾರೆ. ಆರ್ಥಿಕ, ಸಾಮಾಜಿಕ, ಸಾಂಸ್ಕೃತಿಕ ಹಕ್ಕುಗಳ ಕುರಿತ 1966ರ ಅಂತರರಾಷ್ಟ್ರೀಯ ಒಡಂಬಡಿಕೆಯ 12ನೇ ವಿಧಿ ಪ್ರತಿಯೊಬ್ಬರಿಗೂ ಸಾಧ್ಯವಿರುವ ಅತ್ಯುನ್ನತ ಆರೋಗ್ಯದ ಹಕ್ಕನ್ನು ಮಾನ್ಯ ಮಾಡಿದೆ. ಅದನ್ನು ವಿವರಿಸಿ 2000ದಲ್ಲಿ ವಿಶ್ವಸಂಸ್ಥೆಯ ಸಮಿತಿ ಹೊರಡಿಸಿದ ಟಿಪ್ಪಣಿಯು ಲಭ್ಯತೆ, ಕೈಗೆಟುಕುವಿಕೆ, ಸ್ವೀಕಾರಾರ್ಹತೆಗಳ ಜೊತೆ ಗುಣಮಟ್ಟವನ್ನೂ ಹೇಳುತ್ತದೆ. ವೈಜ್ಞಾನಿಕವಾಗಿ ಅನುಮೋದಿತ ಆಸ್ಪತ್ರೆ ಉಪಕರಣ ಅದರಲ್ಲಿ ಸೇರಿದೆ. ಹಾಗಾದರೆ ಆ ಅನುಮೋದನೆ ಎಷ್ಟು ಜನರನ್ನು ನೋಡಿ ಸಿಗುತ್ತದೆ? ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯ 2013ರ ಮಾರ್ಗದರ್ಶಿಯ ಪ್ರಕಾರ ಕನಿಷ್ಠ ಹತ್ತು ಜನ ಸಾಕಿತ್ತು, ಅವರಲ್ಲಿ ಗಾಢವರ್ಣದವರು ಇಬ್ಬರಿದ್ದರೆ ಆಯಿತು. 2025ರ ಜನವರಿಯ ಕರಡು ಕನಿಷ್ಠ ಒಟ್ಟು ಸಂಖ್ಯೆಯನ್ನು 150ಕ್ಕೆ ಏರಿಸಿದೆ, ಚರ್ಮದ ಬಣ್ಣವನ್ನು ಅಂದಾಜಿಗೆ ಬಿಡದೆ ಅಳೆಯಿರಿ ಎಂದಿದೆ. ಆದರೆ ಅದು ವೈದ್ಯಕೀಯ ಬಳಕೆಯ ಸಾಧನಗಳಿಗೆ ಮಾತ್ರ. ಕ್ಷೇಮ ಸಾಧನವೆಂಬ ಹೆಸರಿನಲ್ಲಿ ಅಂಗಡಿಯಲ್ಲಿ ಮಾರುವ ಕ್ಲಿಪ್‌ಗಳನ್ನು ಆ ಸಂಸ್ಥೆ ಪರಿಶೀಲಿಸುವುದೇ ಇಲ್ಲ. ಯಾವ ಬಣ್ಣದ ಎಷ್ಟು ಬೆರಳುಗಳ ಮೇಲೆ ಪರೀಕ್ಷಿಸಲಾಗಿದೆ ಎಂದು ಡಬ್ಬಿಯ ಮೇಲೆ ಅಚ್ಚು ಮಾಡಲು ತಯಾರಕರಿಗೆ ಅಂಥ ಖರ್ಚೇನೂ ಇಲ್ಲ. ಅಲ್ಲಿಯವರೆಗೆ, ಅಂಕಿ ಚೆನ್ನಾಗಿದ್ದರೂ ಏದುಸಿರು ಬಿಡುತ್ತಿರುವವರಿಗೆ ಅಪಧಮನಿಯ ರಕ್ತವನ್ನು ನೇರವಾಗಿ ಪರೀಕ್ಷಿಸಿ ಎಂದು ಕೇಳುವ ಅಧಿಕಾರವಿದೆ.