ತೋಟದ ಮುಚ್ಚಿಗೆ: ಸಿಪ್ಪೆ ಕವುಚಿಯೋ, ಅಂಗಾತವೋ?

ಅಡಿಕೆ, ತೆಂಗಿನ ಬುಡಕ್ಕೆ ಸೊಪ್ಪು, ತೆಂಗಿನ ಸಿಪ್ಪೆ ಮುಚ್ಚುವ ಬಗ್ಗೆ ತರಬೇತಿಯಲ್ಲಿ ಬರೆದುಕೊಂಡದ್ದನ್ನೂ ಕಾಸರಗೋಡಿನ ಬದಿಯಡ್ಕದ ಹತ್ತಿರದ ನಮ್ಮ ತೋಟದಲ್ಲಿ ಕೈಯಾರೆ ಮಾಡಿ ನೋಡಿದ್ದನ್ನೂ ಮರೆಯುವ ಮೊದಲು ಒಟ್ಟಿಗೆ ಬರೆದಿಡುತ್ತಿದ್ದೇನೆ. ಈಗಷ್ಟೇ ತೋಟಕ್ಕೆ ಇಳಿದವರಿಗೆ ಉಪಯೋಗವಾದೀತು.

ಯಾವಾಗ ಮುಚ್ಚುವುದು

ನಮ್ಮದು ಮುರಕಲ್ಲಿನ ಮಣ್ಣು. ವರ್ಷಕ್ಕೆ 3,000 ಮಿ.ಮೀ. ಮೀರಿ ಮಳೆ ಬಂದರೂ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದು, ಬಸಿದು ಹೋಗುತ್ತದೆ. ಜನವರಿ ಕಳೆದರೆ ಮರದ ಬುಡ ಕಾಯತೊಡಗುತ್ತದೆ. ಹಾಗಾಗಿ ತುಲಾ ತಿಂಗಳ (ಅಕ್ಟೋಬರ್–ನವೆಂಬರ್) ಮಳೆ ಪೂರ್ತಿ ನಿಲ್ಲುವ ಮೊದಲೇ, ಮಣ್ಣಲ್ಲಿ ಪಸೆ ಇರುವಾಗಲೇ ಮುಚ್ಚಬೇಕು. ಒಣಗಿದ ಮೇಲೆ ಮುಚ್ಚಿದರೆ ನಡುವೆ ಬರುವ ಸಣ್ಣ ಮಳೆಯನ್ನೆಲ್ಲ ಹೊದಿಕೆಯೇ ಹೀರಿಕೊಳ್ಳುತ್ತದೆ, ಬೇರಿಗೆ ಏನೂ ಇಳಿಯುವುದಿಲ್ಲ.

ಏನು ಹಾಕುವುದು

ಅಡಿಕೆಗೆ ಸೋಗೆ, ಗುಡ್ಡೆಯ ಸೊಪ್ಪು, ಕೊಕ್ಕೊ ಇದ್ದರೆ ಅದರ ತರಗೆಲೆ. ತೆಂಗಿಗೆ ಒಣ ಮಡಲು, ಸಿಪ್ಪೆ. ಗೊಬ್ಬರದ ಗಿಡದ (ಗ್ಲಿರಿಸಿಡಿಯಾ) ಸೊಪ್ಪು ಬಹಳ ಬೇಗ ಕರಗುತ್ತದೆ. ಗೊಬ್ಬರವಾಗಿ ಒಳ್ಳೆಯದು, ಏಪ್ರಿಲ್‌ವರೆಗೆ ನೆಲ ಮುಚ್ಚಿಡಲು ಸಾಲದು. ಕೊಳೆಯದ ತೆಂಗಿನ ನಾರಿನ ಹುಡಿಯನ್ನು ಮಾತ್ರ ತರಕಾರಿ ಸಾಲಿನ ಮಣ್ಣಿಗೆ ಬೆರೆಸಬೇಡಿ. ಅದನ್ನು ಕೊಳೆಸುವ ಸೂಕ್ಷ್ಮಜೀವಿಗಳು ಮಣ್ಣಿನ ಸಾರಜನಕವನ್ನು ತಾವೇ ಎಳೆದುಕೊಳ್ಳುವುದರಿಂದ ಗಿಡದ ಎಲೆ ಹಳದಿಯಾಗುತ್ತದೆ. ಮೇಲೆ ಹರಡಿದರೆ ಆ ತೊಂದರೆ ಕಡಿಮೆ.

ಸಿಪ್ಪೆಯ ಮುಖ ಯಾವ ಕಡೆ

ನಾನು ಸಿಕ್ಕಿಹಾಕಿಕೊಂಡದ್ದು ಇಲ್ಲಿ. ನನ್ನ ಪುಸ್ತಕದ ಒಂದು ಪುಟದಲ್ಲಿ ‘ಉಬ್ಬಿದ ಬದಿ ಮೇಲೆ’ ಎಂದಿದೆ, ಎರಡು ಪುಟ ದಾಟಿದರೆ ‘ತಗ್ಗಿದ ಬದಿ ಮೇಲೆ’ ಎಂದಿದೆ. ಎರಡೂ ತೆಂಗಿನ ಸಿಪ್ಪೆಯ ಬಗ್ಗೆಯೇ. ಒಂದನ್ನು ತಪ್ಪಾಗಿ ಬರೆದುಕೊಂಡಿರಬೇಕು ಎಂದು ಮೊದಲನೆಯದಕ್ಕೆ ಗೀಟು ಹಾಕಿ, 12 ಮರಗಳ ಬುಡಕ್ಕೆ ಸಿಪ್ಪೆಗಳನ್ನು ಅಂಗಾತ ಜೋಡಿಸಿದೆ. ನೀರು ಅದರಲ್ಲಿ ನಿಲ್ಲುತ್ತದೆ, ನಿಂತದ್ದು ಮರಕ್ಕೆ ಸಿಗುತ್ತದೆ ಎಂಬುದು ನನ್ನ ಲೆಕ್ಕ. ಮಳೆ ಬಂತು, ನೀರು ನಿಂತಿತು. ನಾಲ್ಕೈದು ದಿನದಲ್ಲಿ ಅದರೊಳಗೆ ಸೊಳ್ಳೆಮರಿಗಳು ಕುಣಿಯುತ್ತಿದ್ದವು. ಆಮೇಲೆ ಬಿಸಿಲಿಗೆ ಆ ನೀರೆಲ್ಲ ಆವಿಯಾಯಿತು. ಸಿಪ್ಪೆಗಳ ನಡುವಿನ ಮಣ್ಣು ಸುಡುತ್ತಲೇ ಇತ್ತು.

ನೋಡಲು ಬಂದ ದೊಡ್ಡಮ್ಮ ಒಂದು ಸಿಪ್ಪೆಯನ್ನು ಕಾಲಿನಿಂದ ಮಗುಚಿ ಹೇಳಿದರು, “ಮೇಲೆ ಇಟ್ಟರೆ ಅದು ಮುಟ್ಟಾಳೆ ಮಗಾ, ಹುಗಿದರೆ ಬಟ್ಟಲು.”

ಮುಟ್ಟಾಳೆ ಎಂದರೆ ಅಡಿಕೆ ಹಾಳೆಯ ಟೊಪ್ಪಿ. ಅಷ್ಟರಲ್ಲಿ ಎಲ್ಲ ತಿಳಿಯಿತು. ಎರಡು ಪುಟಗಳೂ ಸರಿ. ಒಂದು ನೆಲದ ಮೇಲೆ ಮುಚ್ಚುವುದರ ಬಗ್ಗೆ, ಇನ್ನೊಂದು ಕಣಿ ತೋಡಿ ಹೂಳುವುದರ ಬಗ್ಗೆ.

ಮೇಲೆ ಮುಚ್ಚುವಾಗ ಕವುಚಿ ಇಡಬೇಕು. ಹೊರಗಿನ ನಯವಾದ ಸಿಪ್ಪೆ ಬಿಸಿಲಿಗೆ ಅಡ್ಡವಾಗುತ್ತದೆ, ಒಳಗಿನ ನಾರು ಮಣ್ಣಿನ ಕಡೆಗಿದ್ದು ಅಲ್ಲಿಂದ ಏಳುವ ಆವಿಯನ್ನು ತಡೆಯುತ್ತದೆ. ತಲೆಗೆ ಮುಟ್ಟಾಳೆ ಇಟ್ಟ ಹಾಗೆ. ಬುಡದಿಂದ ಸುತ್ತಲೂ 1.8ರಿಂದ 2 ಮೀಟರ್‌ವರೆಗೆ ಒತ್ತೊತ್ತಾಗಿ ಜೋಡಿಸಬೇಕು, ತೆಂಗಿನ ಹೆಚ್ಚಿನ ಬೇರುಗಳು ಅಷ್ಟರೊಳಗೇ ಇರುತ್ತವೆ.

ಹೂಳುವಾಗ ಅಂಗಾತ. ಸಾಲುಗಳ ನಡುವೆ, ಮರದಿಂದ 3 ಮೀಟರ್ ದೂರದಲ್ಲಿ ಅರ್ಧ ಮೀಟರ್ ಅಗಲ, ಅಷ್ಟೇ ಆಳದ ಕಣಿ ತೋಡಿ ಸಿಪ್ಪೆಯನ್ನು ಪದರ ಪದರವಾಗಿ ಇಟ್ಟು ಮಣ್ಣು ಎಳೆಯಬೇಕು. ಸಿಪ್ಪೆ ತನ್ನ ತೂಕದ ಹಲವು ಪಟ್ಟು ನೀರು ಹಿಡಿಯುತ್ತದೆ. ಮೇಲೆ ಮಣ್ಣಿರುವುದರಿಂದ ಬಟ್ಟಲಿನ ನೀರು ಬಿಸಿಲಿಗೆ ಹೋಗುವುದಿಲ್ಲ, ಸೊಳ್ಳೆಗೂ ದಾರಿಯಿಲ್ಲ. ಬೇರು ಅಲ್ಲಿಗೇ ಹುಡುಕಿಕೊಂಡು ಬರುತ್ತದೆ. ಹೀಗೆ ಹೂಳಿದ್ದರ ಪ್ರಯೋಜನ 5ರಿಂದ 7 ವರ್ಷ ಸಿಗುತ್ತದೆ. ಕೆಲಸ ಹೆಚ್ಚು ನಿಜ, ಆದರೆ ನನ್ನ ಮಟ್ಟಿಗೆ ಬೇಸಗೆಯಲ್ಲಿ ನೀರು ಸಾಲದ ಗುಡ್ಡೆ ತೋಟಕ್ಕೆ ಇದಕ್ಕಿಂತ ಒಳ್ಳೆಯದು ಬೇರೆ ಇಲ್ಲ.

ನಾನೀಗ ಪ್ರತಿ ಸಲ ಕೇಳಿಕೊಳ್ಳುವುದು ಒಂದೇ: ಇದರ ಮೇಲೆ ಮಣ್ಣು ಬೀಳುತ್ತದೋ ಇಲ್ಲವೋ? ಬಿದ್ದರೆ ಬಟ್ಟಲು, ಇಲ್ಲದಿದ್ದರೆ ಮುಟ್ಟಾಳೆ. ಆ 12 ಬುಡಗಳ ಸಿಪ್ಪೆಯನ್ನೆಲ್ಲ ಮಗುಚಿ ಹಾಕಿದೆ. ಫೆಬ್ರವರಿಯಲ್ಲಿ ಒಂದನ್ನು ಎತ್ತಿ ಬೆರಳು ಊರಿದಾಗ ಮಣ್ಣು ತಣ್ಣಗಿತ್ತು, ಎರೆಹುಳದ ಹಿಕ್ಕೆಯೂ ಕಂಡಿತು.

ಎಚ್ಚರ

ಎಳೆ ಗಿಡದ ಕಾಂಡಕ್ಕೆ ತಾಗಿಸಿ ರಾಶಿ ಹಾಕಬೇಡಿ, ಒಂದು ಗೇಣು ಬಿಡಿ. ಕೊಳೆರೋಗಕ್ಕೆ ಉದುರಿದ ಅಡಿಕೆಯನ್ನು ಸೋಗೆಯೊಂದಿಗೆ ಮುಚ್ಚಿಬಿಡದೆ ಹೆಕ್ಕಿ ತೋಟದಿಂದ ಹೊರಗೆ ಹಾಕಿ. ಸೆಗಣಿ ಗೊಬ್ಬರದ ಜೊತೆ ಕೊಳೆತ ಹಳೆಯ ಹೊದಿಕೆಯನ್ನು ಕೆದಕುವಾಗ ಮುರುಟಿಕೊಂಡ ದಪ್ಪ ಬಿಳಿ ಹುಳ ಸಿಕ್ಕಿದರೆ ಬಿಡಬೇಡಿ. ಅದು ಕುರುವಾಯಿಯ ಮರಿ ಆಗಿರಬಹುದು. ದುಂಬಿಯಾದ ಮೇಲೆ ತೆಂಗಿನ ಸುಳಿ ಕೊರೆಯುವುದು ಅದೇ.