ಟೈರು ಜಾರಬೇಕು, ಕ್ಲಚ್ ಜಾರಬಾರದು

ಕಾರು ನಿಂತಲ್ಲೇ ನಿಂತಿದೆ. ಹಿಂದಿನ ಚಕ್ರಗಳು ಮಾತ್ರ ಗಿರಗಿರ ತಿರುಗುತ್ತಿವೆ. ಬಿಳಿ ಹೊಗೆ ಎದ್ದು ಅರ್ಧ ಕಾರನ್ನೇ ಮುಚ್ಚಿಬಿಟ್ಟಿದೆ. ಇದೇ ಬರ್ನ್‌ಔಟ್. ನೋಡಿದವರು ಎಂಜಿನ್ನಿನ ತಾಕತ್ತನ್ನು ಹೊಗಳುತ್ತಾರೆ. ನನಗೆ ಅದಕ್ಕಿಂತ ಇಷ್ಟವಾಗುವುದು ಇದರಲ್ಲಿರುವ ಘರ್ಷಣೆಯ ಲೆಕ್ಕ.

ಇಲ್ಲಿ ಘರ್ಷಣೆಯ ಹಿಡಿತ ಇರುವುದು ನಾಲ್ಕು ಕಡೆ. ಎಂಜಿನ್ನನ್ನು ಗೇರಿಗೆ ಜೋಡಿಸುವ ಕ್ಲಚ್ ಪ್ಲೇಟಿನಲ್ಲಿ, ಹಿಂದಿನ ಟೈರಿನಡಿ, ಮುಂದಿನ ಬ್ರೇಕಿನಲ್ಲಿ, ಮುಂದಿನ ಟೈರಿನಡಿ. ಹಿಂದಿನ ಟೈರು ಜಾರಬೇಕು, ಉಳಿದ ಮೂರೂ ಬಿಗಿಯಾಗಿ ಹಿಡಿದಿರಬೇಕು. ಎಲ್ಲಿ ಜಾರುತ್ತದೋ ಅಲ್ಲೇ ಬಿಸಿ ಹುಟ್ಟುತ್ತದೆ.

ಎಂಜಿನ್ ಹಿಂದಿನ ಚಕ್ರಗಳನ್ನು ತಿರುಗಿಸುವ 1,600 ಕೆಜಿಯ ಕಾರು, ಅರ್ಧ ಭಾರ ಹಿಂದೆ ಎಂದುಕೊಳ್ಳೋಣ. ಒಣ ರಸ್ತೆಯಲ್ಲಿ ಒಳ್ಳೆ ಟೈರಿನ ಹಿಡಿತ ಹೆಚ್ಚುಕಡಿಮೆ ಅದರ ಮೇಲಿನ ಭಾರದಷ್ಟೇ, ಅಂದರೆ ಸುಮಾರು 8,000 ನ್ಯೂಟನ್. ಎಂಜಿನ್ನಿನ ಟಾರ್ಕ್, ಅಂದರೆ ತಿರುಗಿಸುವ ಬಲ, 400 ನ್ಯೂಟನ್-ಮೀಟರ್ ಇದ್ದರೆ, ಮೊದಲ ಗೇರು ಮತ್ತು ಹಿಂದಿನ ಚಕ್ರಗಳ ನಡುವಿನ ಗೇರುಗಳ ಜೋಡಣೆಯಾದ ಡಿಫರೆನ್ಷಿಯಲ್ ಸೇರಿ ಅದನ್ನು 12 ಪಟ್ಟು ಮಾಡುತ್ತವೆ. ಟೈರಿನ ಅಂಚಿಗೆ ಬರುವಾಗ ಅದು ಸುಮಾರು 15,000 ನ್ಯೂಟನ್ ತಳ್ಳುಬಲ. ಟೈರು ಸೋಲಲೇಬೇಕು, ಅಲ್ವಾ? ಒಮ್ಮೆ ಜಾರತೊಡಗಿದರೆ ಹಿಡಿತ ಇನ್ನೂ ಇಳಿಯುತ್ತದೆ. ಹಾಗಾಗಿ ಶುರು ಮಾಡುವುದೇ ಕಷ್ಟ, ಮುಂದುವರಿಸುವುದು ಸುಲಭ.

ಶುರು ಮಾಡುವ ಕೆಲಸವೆಲ್ಲ ಎಡಗಾಲಿನದು. ಚಕ್ರ ಜಾರದಂತೆ ತಾನೇ ತಡೆಯುವ ಟ್ರ್ಯಾಕ್ಷನ್ ಕಂಟ್ರೋಲ್ ಆಫ್ ಆಗಿರಬೇಕು. ಮೊದಲ ಗೇರು, ಕ್ಲಚ್ ಪೂರ್ತಿ ಒಳಗೆ, ಬಲಗಾಲು ಎಂಜಿನ್ನಿನ ವೇಗ ಏರಿಸುತ್ತದೆ. ಆಮೇಲೆ ಎಡಪಾದ ಕ್ಲಚ್‌ನಿಂದ ಪಕ್ಕಕ್ಕೆ ಜಾರಿ, ಕ್ಲಚ್ ಫಟ್ಟನೆ ಮೇಲೆ ಬಂದ ಮರುಕ್ಷಣವೇ ಬ್ರೇಕಿನ ಮೇಲೆ ಕೂರುತ್ತದೆ. ಎಂಜಿನ್ನಿನ ಜೊತೆ ತಿರುಗುವ ಭಾರದ ಗಾಲಿ, ಫ್ಲೈವೀಲ್, ತನ್ನ ಸುತ್ತಾಟದಲ್ಲಿ ಕೂಡಿಟ್ಟ ಶಕ್ತಿಯೆಲ್ಲ ಒಂದೇ ಏಟಿಗೆ ಟೈರಿಗೆ ಬಡಿಯುತ್ತದೆ. ಕ್ಲಚ್ ಮೆಲ್ಲಗೆ ಬಿಟ್ಟರೆ ಏಟೇ ಇರುವುದಿಲ್ಲ. ಟೈರು ಸುಮ್ನೆ ನಿಂತಿರುತ್ತದೆ, ಕ್ಲಚ್ ಪ್ಲೇಟು ಜಾರಿ ಸುಡುತ್ತದೆ. ಮೂಗಿಗೆ ಹೊಡೆಯುವ ಆ ಘಾಟು ರಬ್ಬರಿನದಲ್ಲ.

ಇನ್ನು ಬ್ರೇಕು. ಹ್ಯಾಂಡ್‌ಬ್ರೇಕ್ ಸಾಮಾನ್ಯವಾಗಿ ಹಿಂದಿನ ಚಕ್ರವನ್ನೇ ಹಿಡಿಯುವುದರಿಂದ ಇಲ್ಲಿ ಅದಕ್ಕೆ ಕೆಲಸವಿಲ್ಲ. ಪೆಡಲ್ ಒತ್ತಿದರೆ ನಾಲ್ಕೂ ಚಕ್ರಕ್ಕೆ ಬ್ರೇಕ್ ಬೀಳುತ್ತದೆ, ಆದರೆ ಮುಂದಿನದಕ್ಕೆ ಜಾಸ್ತಿ. ಹಿಂದಿನದನ್ನು ಎಂಜಿನ್ ಮೀರಿ ತಿರುಗಿಸುತ್ತದೆ, ಅಲ್ಲಿನ ಬ್ರೇಕ್ ಪ್ಯಾಡುಗಳು ವ್ಯರ್ಥವಾಗಿ ಬಿಸಿಯಾಗುತ್ತವೆ. 2015ರ ಫೋರ್ಡ್ ಮಸ್ಟಾಂಗ್ ಜಿಟಿಯಲ್ಲಿ ಕಂಪನಿಯೇ ಕೊಟ್ಟ ‘ಲೈನ್ ಲಾಕ್’ ಮುಂದಿನ ಬ್ರೇಕನ್ನಷ್ಟೇ ಹಿಡಿದಿಡುತ್ತದೆ. ನನ್ನ ಮಟ್ಟಿಗೆ ಅದೇ ಸರಿಯಾದ ದಾರಿ.

ಕಾರು ನಿಂತಿರುವುದರಿಂದ ಇನ್ನೊಂದು ಲಾಭವೂ ಇದೆ. ಮುಂದಕ್ಕೆ ನುಗ್ಗುವ ಕಾರಿನಲ್ಲಿ ಭಾರ ಹಿಂದಿನ ಟೈರಿನ ಮೇಲೆ ಹೆಚ್ಚಾಗಿ ಹಿಡಿತ ಬೆಳೆಯುತ್ತದೆ. ಇಲ್ಲಿ ಹಿಂದಿನ ಟೈರಿನ ತಳ್ಳಾಟಕ್ಕೆ ಮುಂದಿನ ಟೈರು ನೆಲಮಟ್ಟದಲ್ಲೇ ಸರಿಸಮ ಎದುರು ನಿಂತಿದೆ. ಭಾರ ಹಿಂದಕ್ಕೆ ಹೋಗುವುದೇ ಇಲ್ಲ. ಎಂಜಿನ್ನೇ ಹಿಂದಿರುವ ಪೋರ್ಷೆ 911ರ ಪಾಡು ಬೇರೆ. ಅದರ ಮೂತಿ ಹಗುರ. ಹಾಗಾಗಿ ಹಿಂದಿನ ಟೈರು ಸೋಲುವ ಮೊದಲೇ ಮುಂದಿನ ಟೈರು ಲಾಕ್ ಆಗಿದ್ದೂ ರಸ್ತೆಯ ಮೇಲೆ ತೆವಳಬಹುದು.

ಬಿಸಿಯ ಲೆಕ್ಕ ನೋಡಿ. 6,000 ನ್ಯೂಟನ್ ಘರ್ಷಣೆ, ಟೈರಿನ ಅಂಚಿನ ವೇಗ ಸೆಕೆಂಡಿಗೆ 15 ಮೀಟರ್. ಗುಣಿಸಿದರೆ 90 ಕಿಲೋವ್ಯಾಟ್. 1 ಕಿಲೋವ್ಯಾಟಿನ 90 ಇಸ್ತ್ರಿಪೆಟ್ಟಿಗೆಗಳ ಬಿಸಿ, ಅಂಗೈಯಗಲದ ಎರಡು ಜಾಗದಲ್ಲಿ! ಎರಡನೇ ಗೇರಿಗೆ ಹಾಕಿದರೆ ಘರ್ಷಣೆ ಹೆಚ್ಚು ಬದಲಾಗುವುದಿಲ್ಲ, ವೇಗ ಏರುತ್ತದೆ. ಅದಕ್ಕೇ ಹೊಗೆಯೂ ದಟ್ಟವಾಗುತ್ತದೆ.

ಆ ಹೊಗೆಯಲ್ಲಿ ಬೆಂಕಿ ಇಲ್ಲ. ರಬ್ಬರಿನೊಳಗಿನ ಎಣ್ಣೆಗಳು ಕಾದು ಆವಿಯಾಗಿ, ಹೊರಗಿನ ಗಾಳಿಗೆ ತಣಿದು ಸಣ್ಣ ಹನಿಗಳಾಗುತ್ತವೆ. ಬೆಳ್ಳಗೆ ಕಾಣುವುದು ಆ ಹನಿಗಳೇ. ಅದನ್ನು ಉಸಿರಾಡುವುದು ಒಳ್ಳೆಯದಲ್ಲ. ಟೈರು ಸಿಡಿಯಲೂಬಹುದು. ಹೀಗಾಗಿ ಇದು ಮುಚ್ಚಿದ ಟ್ರ್ಯಾಕಿನ ಆಟ, ಜನ ದೂರ ನಿಂತಿರಬೇಕು.

ಡ್ರ್ಯಾಗ್ ರೇಸಿನವರು, ಅಂದರೆ ನೇರ ಟ್ರ್ಯಾಕಿನಲ್ಲಿ ನಿಂತಲ್ಲಿಂದ ಪಂದ್ಯ ಕಟ್ಟಿ ಓಡಿಸುವವರು, ಇದನ್ನು ಮಾಡುವುದಕ್ಕೆ ಕಾರಣವಿದೆ. ಅವರ ಟೈರಿನ ಮೆತ್ತನೆ ರಬ್ಬರು ಬಿಸಿಯಾದಾಗ ಅಂಟಂಟಾಗಿ ರಸ್ತೆಯನ್ನು ಕಚ್ಚುತ್ತದೆ. ಶುರುವಿಗೆ ಟೈರಿನಡಿ ಸ್ವಲ್ಪ ನೀರು ಹಾಕುತ್ತಾರೆ, ಆಗ ಕ್ಲಚ್‌ಗೂ ಗೇರ್‌ಬಾಕ್ಸಿಗೂ ಅಷ್ಟು ಏಟು ಬೀಳುವುದಿಲ್ಲ. ಮಾಮೂಲಿ ರಸ್ತೆ ಟೈರಿಗೆ ಅಂಥ ಲಾಭ ಸಿಗುವುದಿಲ್ಲ, ಸವೆತ ಮಾತ್ರ ಅಷ್ಟೇ ಆಗುತ್ತದೆ.